ರೋ ನಂಬರ್, ರ‍್ಯಾಂಕ್, ಡೆನ್ಸ್ ರ‍್ಯಾಂಕ್: ಎಲ್ಲಿ ಯಾವುದು ಸರಿ, ಕ್ವೆರಿ ನಿಧಾನವಾದರೆ ಎಲ್ಲಿ ನೋಡಬೇಕು

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಒಂದು ಶಾಲೆಯ ಐವರು ಮಕ್ಕಳು 625, 624, 624, 623, 620 ಅಂಕ ತೆಗೆದಿದ್ದಾರೆ ಎಂದುಕೊಳ್ಳಿ. 623 ಬಂದ ಹುಡುಗಿಗೆ ಎಷ್ಟನೇ ಸ್ಥಾನ? ಅವಳಿಗಿಂತ ಹೆಚ್ಚು ಅಂಕದವರು ಮೂವರಿದ್ದಾರೆ, ಹಾಗಾಗಿ ನಾಲ್ಕನೇ ಸ್ಥಾನ ಎನ್ನಬಹುದು. 625, 624 ಆದಮೇಲಿನ ಅಂಕ 623 ತಾನೇ, ಹಾಗಾಗಿ ಮೂರನೇ ಸ್ಥಾನ ಎಂದೂ ಹೇಳಬಹುದು. ಎರಡೂ ಸರಿಯೇ. ಯಾವುದು ಬೇಕು ಎಂದು ಡೇಟಾಬೇಸ್ ತಾನಾಗಿ ನಿರ್ಧರಿಸುವುದಿಲ್ಲ, ಕ್ವೆರಿ ಬರೆಯುವವರೇ ನಿರ್ಧರಿಸಬೇಕು. ಸಾಲುಗಳಿಗೆ ಹೀಗೆ ಸ್ಥಾನದ ಸಂಖ್ಯೆ ಹಚ್ಚಲು ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸನ್ನು ಕೇಳುವ ಭಾಷೆ) ಮೂರು ಫಂಕ್ಷನ್‌ಗಳಿವೆ: ರೋ ನಂಬರ್, ರ‍್ಯಾಂಕ್, ಡೆನ್ಸ್ ರ‍್ಯಾಂಕ್. ರ‍್ಯಾಂಕಿಂಗ್ ಫಂಕ್ಷನ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಇಬ್ಬರು ಸಮ ಬಂದರೆ ಏನಾಗಬೇಕು?

ಎಷ್ಟೋ ಜನ ಈ ಪ್ರಶ್ನೆಯನ್ನು ಬಿಟ್ಟು ‘ಯಾವ ಫಂಕ್ಷನ್ ವೇಗ?’ ಎಂದು ಶುರುಮಾಡುತ್ತಾರೆ. ಒಂದೇ ಓವರ್ ಷರತ್ತು (ಯಾವ ಗುಂಪಿನೊಳಗೆ, ಯಾವ ಕ್ರಮದಲ್ಲಿ ಎಣಿಸಬೇಕು ಎಂಬುದು) ಕೊಟ್ಟರೆ ಮೂರೂ ಫಂಕ್ಷನ್‌ಗಳ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಮಯ ತಿನ್ನುವುದು ಅವುಗಳಿಗಿಂತ ಮುಂಚೆ ನಡೆಯುವ ಸಾರ್ಟ್, ಅಂದರೆ ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಕೆಲಸ. ಆದ್ದರಿಂದ ಫಂಕ್ಷನ್ನನ್ನು ಅರ್ಥ ನೋಡಿ ಆರಿಸಿ, ವೇಗಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಕ್ರಮವಾಗಿ ಕಟ್ಟಿಟ್ಟ ಪಟ್ಟಿ) ನೋಡಿ. ಇವೆರಡನ್ನು ಬೆರೆಸಬೇಡಿ.

ಮೂರರ ನಡುವಿನ ವ್ಯತ್ಯಾಸ

ಮೇಲಿನ ಐವರಿಗೆ ಅಂಕದ ಇಳಿಕೆ ಕ್ರಮದಲ್ಲಿ ಸಿಗುವ ಸಂಖ್ಯೆಗಳು ಹೀಗಿವೆ.

ರೋ ನಂಬರ್: 1, 2, 3, 4, 5
ರ‍್ಯಾಂಕ್: 1, 2, 2, 4, 5
ಡೆನ್ಸ್ ರ‍್ಯಾಂಕ್: 1, 2, 2, 3, 4

ರೋ ನಂಬರ್ ಸಮ ಅಂಕವನ್ನು ಗಮನಿಸುವುದೇ ಇಲ್ಲ, ಪ್ರತಿ ಸಾಲಿಗೂ ಬೇರೆ ಸಂಖ್ಯೆ ಕೊಡುತ್ತದೆ. ಹಾಗಾಗಿ ಅದು ಸ್ಪರ್ಧೆಯ ಸ್ಥಾನಕ್ಕೆ ಹೇಳಿದ್ದಲ್ಲ. ಒಬ್ಬರಿಗೆ ಒಂದೇ ಸಾಲು ಉಳಿಸಿಕೊಳ್ಳಬೇಕಾದ ಕಡೆ, ಅಂದರೆ ನಕಲು ಸಾಲುಗಳನ್ನು ಅಳಿಸುವಾಗ, ಪ್ರತಿ ಗ್ರಾಹಕರ ತೀರಾ ಈಚಿನ ಆರ್ಡರ್ ತೆಗೆಯುವಾಗ, ಪುಟಗಳಾಗಿ ವಿಂಗಡಿಸುವಾಗ ಅದನ್ನು ಮೀರಿಸುವುದು ಇನ್ನೊಂದಿಲ್ಲ.

ರ‍್ಯಾಂಕ್ ನಮ್ಮ ಕ್ರೀಡಾಕೂಟಗಳ ಲೆಕ್ಕ. ಇಬ್ಬರು ಎರಡನೇ ಸ್ಥಾನ ಹಂಚಿಕೊಂಡರೆ ಮೂರನೆಯದು ಖಾಲಿ, ಮುಂದಿನವರು ನಾಲ್ಕನೆಯವರು. ‘ನನಗಿಂತ ಮುಂದೆ ಎಷ್ಟು ಜನ ಇದ್ದಾರೆ’ ಎಂಬುದಕ್ಕೆ ಒಂದು ಕೂಡಿಸಿದರೆ ಬರುವುದೇ ಈ ಸಂಖ್ಯೆ. ಸೀಟು ಹಂಚುವ, ಬಹುಮಾನದ ಸಂಖ್ಯೆಗೆ ಮಿತಿ ಇರುವ ಕಡೆ ಇದು ಬೇಕು.

ಡೆನ್ಸ್ ರ‍್ಯಾಂಕ್ ಎಣಿಸುವುದು ಜನರನ್ನಲ್ಲ, ಬೇರೆಬೇರೆ ಮೌಲ್ಯಗಳನ್ನು. ‘ಎರಡನೇ ಅತಿ ಹೆಚ್ಚು ಸಂಬಳ’ ಎಂಬ ಸಂದರ್ಶನದ ಪ್ರಶ್ನೆಗೆ ಸರಿಯಾದ ಉತ್ತರ ಇದು. ಅಲ್ಲಿ ರ‍್ಯಾಂಕ್ ಬಳಸಿ, ಎರಡಕ್ಕೆ ಸಮ ಇರುವ ಸಾಲು ಕೊಡು ಎಂದರೆ ಏನಾಗುತ್ತದೆ ನೋಡಿ. ಮೊದಲ ಸ್ಥಾನದಲ್ಲಿ ಇಬ್ಬರಿದ್ದರೆ ಸಂಖ್ಯೆಗಳು 1, 1, 3 ಎಂದು ಸಾಗುತ್ತವೆ. ಎರಡು ಎಂಬುದೇ ಇಲ್ಲ, ಉತ್ತರ ಖಾಲಿ ಬರುತ್ತದೆ. ಪರೀಕ್ಷೆಗೆಂದು ಹಾಕಿದ ಡೇಟಾದಲ್ಲಿ ಸಮ ಮೌಲ್ಯಗಳು ಇರುವುದು ಅಪರೂಪ, ಹಾಗಾಗಿ ಈ ತಪ್ಪು ನಿಜವಾದ ಡೇಟಾ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಯ ಡೇಟಾಗೆ ಬೇಕೆಂದೇ ಎರಡು ಜೊತೆ ಸಮ ಅಂಕ ಸೇರಿಸಿ: ಒಂದು ಮೊದಲ ಸ್ಥಾನದಲ್ಲಿ, ಇನ್ನೊಂದು ನೀವು ಕತ್ತರಿಸುವ ಗಡಿಯಲ್ಲಿ.

ಗಡಿಯ ಮಾತು ಮುಖ್ಯ. ಅಂಕಗಳು 625, 624, 623, 623, 620 ಇದ್ದು ‘ಮೊದಲ ಮೂವರು’ ಕೇಳಿದರೆ ರೋ ನಂಬರ್ ಮೂರೇ ಸಾಲು ಕೊಟ್ಟು, 623 ತೆಗೆದ ಇಬ್ಬರಲ್ಲಿ ಒಬ್ಬರನ್ನು ಕಾರಣವಿಲ್ಲದೆ ಹೊರಗಿಡುತ್ತದೆ. ರ‍್ಯಾಂಕ್ ನಾಲ್ಕು ಸಾಲು ಕೊಡುತ್ತದೆ. ಡೆನ್ಸ್ ರ‍್ಯಾಂಕ್ ಕೂಡ ಇಲ್ಲಿ ನಾಲ್ಕೇ ಕೊಡುತ್ತದೆ, ಆದರೆ ಮೇಲಿನ ಸ್ಥಾನದಲ್ಲಿ ಹತ್ತು ಮಂದಿ ಸಮ ಬಂದರೆ ಅದರ ‘ಮೊದಲ ಮೂರು’ ಹನ್ನೆರಡೋ ಹದಿನೈದೋ ಸಾಲಿಗೆ ಏರಬಹುದು. ಪರದೆಯ ಮೇಲೆ ಮೂರೇ ಜನರಿಗೆ ಜಾಗ ಇದ್ದರೆ ಇದನ್ನು ಮೊದಲೇ ಯೋಚಿಸಿರಬೇಕು.

ಎನ್‌ಟೈಲ್ ಬೇರೆ ಜಾತಿಯದು. ಸಾಲುಗಳನ್ನು ಇಷ್ಟು ಗುಂಪು ಮಾಡು ಎಂದರೆ ಮಾಡುತ್ತದೆ. 10 ಸಾಲನ್ನು 4 ಗುಂಪು ಮಾಡಿದರೆ 3, 3, 2, 2. ಉಳಿಕೆ ಸಾಲುಗಳು ಮೊದಲ ಗುಂಪುಗಳಿಗೆ ಸೇರುತ್ತವೆ. ಸಮ ಅಂಕದ ಇಬ್ಬರು ಬೇರೆಬೇರೆ ಗುಂಪಿಗೆ ಬೀಳುವುದನ್ನು ಅದು ತಡೆಯುವುದಿಲ್ಲ. ಕೆಲಸವನ್ನು ನಾಲ್ಕು ಜನರಿಗೆ ಹಂಚಲು ಇದು ಒಳ್ಳೆಯದು, ಮಕ್ಕಳನ್ನು ‘ಮೇಲಿನ ಶೇ 25’ ಎಂದು ಗುರುತಿಸಲು ಅಲ್ಲ. ಅದಕ್ಕೆ ಪರ್ಸೆಂಟ್ ರ‍್ಯಾಂಕ್ ಅಥವಾ ಕ್ಯೂಮ್ ಡಿಸ್ಟ್ ಬಳಸಿ, ಸಮ ಅಂಕದವರಿಗೆ ಇವು ಸಮ ಮೌಲ್ಯವನ್ನೇ ಕೊಡುತ್ತವೆ. ಪರ್ಸೆಂಟ್ ರ‍್ಯಾಂಕ್ ಎಂದರೆ ರ‍್ಯಾಂಕಿನಲ್ಲಿ ಒಂದು ಕಳೆದು, ಒಟ್ಟು ಸಾಲುಗಳಲ್ಲಿ ಒಂದು ಕಳೆದದ್ದರಿಂದ ಭಾಗಿಸಿದ ಮೌಲ್ಯ.

ಆರ್ಡರ್ ಬೈ ಒಳಗಿನ ತಪ್ಪುಗಳು

ರೋ ನಂಬರ್ ಬಳಸುವಾಗ ಆರ್ಡರ್ ಬೈ ಕೊನೆಯಲ್ಲಿ ನೋಂದಣಿ ಸಂಖ್ಯೆಯಂಥ ಪುನರಾವರ್ತನೆ ಇಲ್ಲದ ಕಾಲಂ ಇರಲೇಬೇಕು. ಬರೀ ಅಂಕದ ಮೇಲೆ ಜೋಡಿಸಿದರೆ ಸಮ ಅಂಕದವರ ನಡುವಿನ ಕ್ರಮ ಒಂದೊಂದು ಸಲ ಒಂದೊಂದು ರೀತಿ ಬರಬಹುದು. ಪ್ಲಾನ್ (ಕ್ವೆರಿ ಓಡಿಸಲು ಡೇಟಾಬೇಸ್ ಆರಿಸುವ ದಾರಿ) ಬದಲಾದರೂ ಸಾಕು, ಸಮಾಂತರವಾಗಿ ಓಡಿದರೂ ಸಾಕು, ಕ್ರಮ ಕದಲುತ್ತದೆ. ಎರಡನೇ ಪುಟದಲ್ಲಿ ಕಂಡ ಹೆಸರು ಮೂರನೇ ಪುಟದಲ್ಲೂ ಕಾಣುವುದು, ಇನ್ನೊಂದು ಹೆಸರು ಎಲ್ಲೂ ಕಾಣದೆ ಹೋಗುವುದು ಇದರಿಂದಲೇ.

ಇದೇ ಮದ್ದನ್ನು ರ‍್ಯಾಂಕಿಗೆ ಕೊಟ್ಟರೆ ಮಾತ್ರ ವಿಷ. ರ‍್ಯಾಂಕಿನ ಆರ್ಡರ್ ಬೈಗೆ ನೋಂದಣಿ ಸಂಖ್ಯೆ ಸೇರಿಸಿದ ಕೂಡಲೇ ಯಾವ ಎರಡು ಸಾಲೂ ಸಮ ಅಲ್ಲ. ಅದು ರೋ ನಂಬರ್ ಆಗಿಬಿಡುತ್ತದೆ, ಎರರ್ ಏನೂ ಬರುವುದಿಲ್ಲ. ಸಮ ಅಂಕದವರನ್ನು ಪರದೆಯ ಮೇಲೆ ಸ್ಥಿರ ಕ್ರಮದಲ್ಲಿ ತೋರಿಸಬೇಕಿದ್ದರೆ ಆ ಕಾಲಮನ್ನು ಕ್ವೆರಿಯ ಹೊರಗಿನ ಆರ್ಡರ್ ಬೈಗೆ ಹಾಕಿ, ಓವರ್ ಒಳಗೆ ಬೇಡ.

ಹೆಸರನ್ನು ಕ್ರಮಕ್ಕೆ ಬಳಸುವವರು ಕನ್ನಡದ ಮಟ್ಟಿಗೆ ಇನ್ನೊಂದನ್ನು ತಿಳಿದಿರಬೇಕು. ಡೇಟಾಬೇಸ್ ಬರೀ ಬೈನರಿ ಕ್ರಮದಲ್ಲಿ ಜೋಡಿಸುತ್ತಿದ್ದರೆ ಅದು ಯೂನಿಕೋಡ್ ಸಂಖ್ಯೆಗಳ ಕ್ರಮ. ಅಲ್ಲಿ ‘ಳ’ ಇರುವುದು ‘ಲ’ದ ಮಗ್ಗುಲಲ್ಲಿ, ‘ವ’ಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ ಬರುತ್ತದೆ. ಅಂಕ ಸಮವಾದಾಗ ಯಾರು ಮುಂದೆ ಎಂಬುದನ್ನು ಇಂಥ ಆಕಸ್ಮಿಕಕ್ಕೆ ಬಿಡುವುದು ತಪ್ಪು. ಹುಟ್ಟಿದ ದಿನಾಂಕವೋ ನಿಗದಿತ ವಿಷಯದ ಅಂಕವೋ, ನಿಯಮದಲ್ಲಿ ಏನು ಬರೆದಿದೆಯೋ ಅದನ್ನು ಹಾಕಿ.

ನಲ್, ಅಂದರೆ ಮೌಲ್ಯವೇ ಇಲ್ಲದ ಜಾಗ, ಇನ್ನೊಂದು ಹಳ್ಳ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ನಲ್ ಎಲ್ಲಕ್ಕಿಂತ ದೊಡ್ಡದು ಎಂಬಂತೆ ಕ್ರಮಕ್ಕೆ ಬರುತ್ತದೆ. ಹಾಗಾಗಿ ಇಳಿಕೆ ಕ್ರಮದಲ್ಲಿ ಮೊದಲು ಬರುವುದು ಅದೇ, ಪರೀಕ್ಷೆಗೆ ಗೈರಾದವರಿಗೆ ಮೊದಲ ರ‍್ಯಾಂಕ್! ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ನಲ್ ಎಲ್ಲಕ್ಕಿಂತ ಚಿಕ್ಕದು, ಇಳಿಕೆ ಕ್ರಮದಲ್ಲಿ ಕೊನೆಗೆ ಹೋಗುತ್ತದೆ. ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಕ್ವೆರಿ ಸಾಗಿಸುವಾಗ ಇದು ಸದ್ದಿಲ್ಲದೆ ಕಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ನಲ್ಸ್ ಲಾಸ್ಟ್’ ಬರೆಯಬಹುದು, ಆದರೆ ಆಗ ಇಂಡೆಕ್ಸನ್ನೂ ‘ಡಿಸೆಂಡಿಂಗ್, ನಲ್ಸ್ ಲಾಸ್ಟ್’ ಎಂದೇ ಕಟ್ಟಿರಬೇಕು, ಇಲ್ಲದಿದ್ದರೆ ಮತ್ತೆ ಸಾರ್ಟ್ ಬೀಳುತ್ತದೆ. ಗೈರಾದವರಿಗೆ ಸ್ಥಾನವೇ ಬೇಡ ಎಂದಾದರೆ ವೇರ್ ಷರತ್ತಿನಲ್ಲೇ ನಲ್ ಸಾಲುಗಳನ್ನು ಬಿಟ್ಟು, ಸಾದಾ ಡಿಸೆಂಡಿಂಗ್ ಇಟ್ಟುಕೊಳ್ಳುವುದು ಸುಲಭ.

ಅಂಕವನ್ನು ಪಠ್ಯವಾಗಿ ಶೇಖರಿಸಿದ ಟೇಬಲ್‌ಗಳಲ್ಲಿ 98 ಎಂಬುದು 100ಕ್ಕಿಂತ ಮೇಲೆ ಕೂರುತ್ತದೆ. ಸರಾಸರಿಯನ್ನು ಫ್ಲೋಟ್ ಆಗಿ ಲೆಕ್ಕಹಾಕಿದ್ದರೆ ಸಮ ಇರಬೇಕಾದ ಇಬ್ಬರು ಹದಿನೈದನೇ ದಶಮಾಂಶದಲ್ಲಿ ಬೇರೆಯಾಗಿ ಬೇರೆ ರ‍್ಯಾಂಕ್ ಪಡೆಯಬಹುದು. ಸ್ಥಾನ ನಿರ್ಧರಿಸುವ ಕಾಲಂ ಯಾವಾಗಲೂ ಇಂಟೀಜರ್ ಅಥವಾ ಡೆಸಿಮಲ್ ಆಗಿರಲಿ.

ವೇರ್ ಎಲ್ಲಿ ಬರೆಯಬೇಕು

ವಿಂಡೋ ಫಂಕ್ಷನ್‌ಗಳು (ಓವರ್ ಜೊತೆ ಬರೆಯುವಂಥವು, ಮೇಲಿನವೆಲ್ಲ ಇವೇ) ವೇರ್, ಗ್ರೂಪ್ ಬೈ, ಹ್ಯಾವಿಂಗ್ ಎಲ್ಲ ಮುಗಿದಮೇಲೆ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದಲೇ ರ‍್ಯಾಂಕನ್ನು ನೇರವಾಗಿ ವೇರ್ ಒಳಗೆ ಬರೆಯಲಾಗುವುದಿಲ್ಲ, ಒಳಕ್ವೆರಿ ಮಾಡಿ ಹೊರಗಿನಿಂದ ಸೋಸಬೇಕು. ಟೆರಾಡೇಟಾ, ಸ್ನೋಫ್ಲೇಕ್, ಬಿಗ್‌ಕ್ವೆರಿಗಳಲ್ಲಿ ‘ಕ್ವಾಲಿಫೈ’ ಎಂಬ ಷರತ್ತು ಇದೆ, ಅಲ್ಲಿ ಒಳಕ್ವೆರಿ ಬೇಕಿಲ್ಲ.

ಷರತ್ತು ಒಳಗಿದ್ದರೆ ಒಂದು ಅರ್ಥ, ಹೊರಗಿದ್ದರೆ ಇನ್ನೊಂದು. ಒಳಗೆ ‘ಜಿಲ್ಲೆ ಹಾಸನ’ ಎಂದರೆ ಹಾಸನದವರ ನಡುವಿನ ಸ್ಥಾನ. ಹೊರಗೆ ಅದನ್ನೇ ಬರೆದರೆ ಎಲ್ಲರ ನಡುವಿನ ಸ್ಥಾನ, ತೋರಿಸುವುದು ಹಾಸನದವರನ್ನು ಮಾತ್ರ. ಅರ್ಥ ಬೇರೆಯಾದ್ದರಿಂದ ಆಪ್ಟಿಮೈಸರ್ (ಪ್ಲಾನ್ ಆರಿಸುವ ಭಾಗ) ಹೊರಗಿನ ಷರತ್ತನ್ನು ತಾನಾಗಿ ಒಳಗೆ ತಳ್ಳುವಂತಿಲ್ಲ. ಷರತ್ತಿನ ಕಾಲಂ ಪಾರ್ಟಿಷನ್ ಬೈಯಲ್ಲೂ (ಯಾವ ಗುಂಪಿನೊಳಗೆ ಎಣಿಸಬೇಕು ಎಂದು ಹೇಳುವ ಭಾಗ) ಇದ್ದರೆ ಮಾತ್ರ ತಳ್ಳಬಹುದು. ರ‍್ಯಾಂಕ್ ಇರುವ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಒಂದನ್ನು ಕಟ್ಟಿಟ್ಟು, ಹೊರಗಿನಿಂದ ಒಂದು ಶಾಲೆಯನ್ನು ಕೇಳಿದರೂ ಇಡೀ ಟೇಬಲ್ ಓದುತ್ತಿದೆ ಎಂಬ ದೂರಿಗೆ ಕಾರಣ ಇದು. ಪೋಸ್ಟ್‌ಗ್ರೆಸ್‌ನಲ್ಲಿ ಆ ವ್ಯೂ ಒಳಗಿನ ಪ್ರತಿಯೊಂದು ವಿಂಡೋದ ಪಾರ್ಟಿಷನ್ ಬೈಯಲ್ಲೂ ಆ ಕಾಲಂ ಇರಬೇಕು. ಶಾಲಾವಾರು ಸ್ಥಾನ, ರಾಜ್ಯಮಟ್ಟದ ಸ್ಥಾನ ಎರಡನ್ನೂ ಒಂದೇ ವ್ಯೂನಲ್ಲಿ ಇಟ್ಟರೆ ಶಾಲೆಯ ಷರತ್ತು ಒಳಗೆ ಇಳಿಯುವುದೇ ಇಲ್ಲ. ಎರಡು ವ್ಯೂ ಮಾಡಿ.

ವೇರ್ ಒಳಗೆ ಕಾಲಮನ್ನು ಫಂಕ್ಷನ್‌ನಲ್ಲಿ ಸುತ್ತಬೇಡಿ ಎಂಬ ಹಳೆಯ ಮಾತು ಇಲ್ಲೂ ಸಲ್ಲುತ್ತದೆ. ದಿನಾಂಕದಿಂದ ವರ್ಷ ತೆಗೆದು 2024ಕ್ಕೆ ಹೋಲಿಸುವ ಬದಲು, 2024ರ ಜನವರಿ 1 ಅಥವಾ ನಂತರ, 2025ರ ಜನವರಿ 1ಕ್ಕಿಂತ ಮುಂಚೆ ಎಂದು ಬರೆದರೆ ಸಾದಾ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪಠ್ಯದ ಕಾಲಮನ್ನು ಉದ್ಧರಣೆ ಚಿಹ್ನೆ ಇಲ್ಲದ ಸಂಖ್ಯೆಗೆ ಹೋಲಿಸಿದರೂ ಇಂಡೆಕ್ಸ್ ಕೈಬಿಡುತ್ತದೆ.

ಸಾರ್ಟ್ ತಪ್ಪಿಸುವ ಇಂಡೆಕ್ಸ್

ಇಂಡೆಕ್ಸಿನ ಕಾಲಂಗಳ ಕ್ರಮ ಹೀಗಿರಲಿ: ಸಮ ಎಂದು ಹೋಲಿಸುವ ವೇರ್ ಕಾಲಂಗಳು ಮೊದಲು, ಆಮೇಲೆ ಪಾರ್ಟಿಷನ್ ಬೈ ಕಾಲಂಗಳು, ಆಮೇಲೆ ಆರ್ಡರ್ ಬೈ ಕಾಲಂಗಳು ಅವುಗಳ ದಿಕ್ಕಿನ ಸಮೇತ, ಕೊನೆಗೆ ಸೆಲೆಕ್ಟ್‌ನಲ್ಲಿ ಬರೀ ಓದುವ ಕಾಲಂಗಳು. ನಮ್ಮ ಉದಾಹರಣೆಗೆ ಅದು ವರ್ಷ, ಶಾಲೆ, ಅಂಕ ಡಿಸೆಂಡಿಂಗ್, ಜೊತೆಗೆ ಇನ್‌ಕ್ಲೂಡ್ ಆಗಿ ನೋಂದಣಿ ಸಂಖ್ಯೆ. ಪೋಸ್ಟ್‌ಗ್ರೆಸ್‌ನಲ್ಲಿ ಇನ್‌ಕ್ಲೂಡ್ 11ನೇ ಆವೃತ್ತಿಯಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದಿಲ್ಲ, ಓದುವ ಕಾಲಂಗಳನ್ನೂ ಕೀಯ ಕೊನೆಗೇ ಸೇರಿಸಬೇಕು. ಪ್ರೈಮರಿ ಕೀಯನ್ನು ಮಾತ್ರ ಸೇರಿಸುವುದು ಬೇಡ, ಅದರ ಶೇಖರಣಾ ಎಂಜಿನ್ ಇನ್ನೋಡಿಬಿಯ ಪ್ರತಿ ಸೆಕೆಂಡರಿ ಇಂಡೆಕ್ಸಿನಲ್ಲೂ ಅದು ಇದ್ದೇ ಇರುತ್ತದೆ.

ದಿಕ್ಕನ್ನು ಅಲಕ್ಷಿಸಬೇಡಿ. ಬಿ-ಟ್ರೀ ಇಂಡೆಕ್ಸನ್ನು ಹಿಮ್ಮುಖವಾಗಿ ಓದಬಹುದು ನಿಜ, ಆದರೆ ಹಾಗೆ ಓದಿದರೆ ಶಾಲೆಯೂ ಇಳಿಕೆ ಕ್ರಮಕ್ಕೆ ತಿರುಗುತ್ತದೆ. ಪೋಸ್ಟ್‌ಗ್ರೆಸ್ ಕೇಳುವುದು ಶಾಲೆ ಏರಿಕೆ, ಅಂಕ ಇಳಿಕೆ. ಎರಡೂ ಏರಿಕೆಯ ಇಂಡೆಕ್ಸ್ ಇದ್ದರೆ ಅಂಕದ ಭಾಗಕ್ಕೆ ಮತ್ತೆ ಸಾರ್ಟ್ ಬೇಕು. 13ನೇ ಆವೃತ್ತಿಯಲ್ಲಿ ಬಂದು, 14ರಿಂದ ವಿಂಡೋ ಫಂಕ್ಷನ್‌ಗಳಿಗೂ ಅನ್ವಯಿಸುವ ಇನ್‌ಕ್ರಿಮೆಂಟಲ್ ಸಾರ್ಟ್ ಪ್ರತಿ ಶಾಲೆಯನ್ನು ಪ್ರತ್ಯೇಕವಾಗಿ ಜೋಡಿಸಿ ಹೊರೆ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಪ್ಲಾನ್ ಟೇಬಲ್ಲನ್ನೇ ಪೂರ್ತಿ ಓದಿ ಸಾರ್ಟ್ ಮಾಡುತ್ತಿದ್ದರೆ ಗಾಬರಿ ಬೇಡ. ಸೆಲೆಕ್ಟ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಕಾಲಂ ಕೇಳಿದ್ದರೆ, ಇಂಡೆಕ್ಸಿನಿಂದ ಒಂದೊಂದು ಸಾಲಿಗೂ ಟೇಬಲ್ಲಿಗೆ ಹಾರುವುದಕ್ಕಿಂತ ಪೂರ್ತಿ ಓದುವುದೇ ಅಗ್ಗ. ಬೇಕಾದ ಕಾಲಂಗಳನ್ನಷ್ಟೇ ಕೇಳಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ಓನ್ಲಿ ಸ್ಕ್ಯಾನ್ ಬಂದರೂ ‘ಹೀಪ್ ಫೆಚಸ್’ (ಆದರೂ ಟೇಬಲ್ಲಿಗೆ ಹೋಗಿ ನೋಡಿದ ಸಲ) ಸಂಖ್ಯೆ ದೊಡ್ಡದಿದ್ದರೆ ಆ ಟೇಬಲ್‌ಗೆ ವ್ಯಾಕ್ಯೂಮ್ (ಹಳೆಯ ಸಾಲುಗಳನ್ನು ತೆರವುಗೊಳಿಸುವ ಕೆಲಸ) ಬಾಕಿ ಇದೆ ಎಂದು ಅರ್ಥ.

ಒಂದೇ ಕ್ವೆರಿಯಲ್ಲಿ ಹಲವು ರ‍್ಯಾಂಕಿಂಗ್ ಇದ್ದು ಅವುಗಳ ಓವರ್ ಒಂದೇ ಆಗಿದ್ದರೆ ಸಾರ್ಟ್ ಒಂದೇ. ಓವರ್ ಬೇರೆಬೇರೆಯಾದಷ್ಟೂ ಸಾರ್ಟ್ ಹೆಚ್ಚು. ಅಕಸ್ಮಾತ್ ಬೇರೆಯಾಗದಂತೆ ವಿಂಡೋ ಷರತ್ತಿನಲ್ಲಿ ಒಮ್ಮೆ ಹೆಸರು ಕೊಟ್ಟು ಬಳಸುವುದು ಒಳ್ಳೆಯ ಅಭ್ಯಾಸ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ 8.0, ಎಸ್‌ಕ್ಯೂಎಲ್ ಸರ್ವರ್ 2022ರಲ್ಲಿ ಇದು ಸಾಧ್ಯ.

ಸಾರ್ಟ್ ತಪ್ಪದಿದ್ದರೆ ಅದು ಮೆಮೊರಿಯಲ್ಲಿ ಮುಗಿಯುತ್ತಿದೆಯೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ಅನಲೈಜ್ (ಪ್ಲಾನ್ ಮತ್ತು ಹಿಡಿದ ಸಮಯ ತೋರಿಸುವ ಆದೇಶ) ಓಡಿಸಿದಾಗ ‘ಎಕ್ಸ್‌ಟರ್ನಲ್ ಮರ್ಜ್’ ಎಂದು ಕಂಡರೆ ಡಿಸ್ಕಿಗೆ ಚೆಲ್ಲಿದೆ. ಸಾರ್ಟ್‌ಗೆ ಮೆಮೊರಿ ಮಿತಿ ಹಾಕುವ ವರ್ಕ್ ಮೆಮ್ ಮೂಲತಃ 4 ಎಂಬಿ ಅಷ್ಟೇ. ಆ ಸೆಷನ್‌ಗೆ ಮಾತ್ರ 64 ಎಂಬಿಗೆ ಏರಿಸಿ ಮತ್ತೆ ನೋಡಿ. ಇಡೀ ಸರ್ವರ್‌ಗೆ ಏರಿಸಬೇಡಿ, ಆ ಮಿತಿ ಒಂದು ಕನೆಕ್ಷನ್‌ಗಲ್ಲ, ಪ್ರತಿ ಸಾರ್ಟ್‌ಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ನೂರು ಜನ ಒಟ್ಟಿಗೆ ಬಂದರೆ ಮೆಮೊರಿ ಸಾಲದೆ ಸರ್ವರ್ ಬೀಳಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಾರ್ಟ್ ಚಿತ್ರದ ಮೇಲೆ ಹಳದಿ ಎಚ್ಚರಿಕೆ ಬಂದಿದ್ದರೆ ಟೆಂಪ್‌ಡಿಬಿಗೆ ಚೆಲ್ಲಿದೆ. ಅಲ್ಲಿ ಮೆಮೊರಿ ಕೊಡುವುದು ಅಂದಾಜು ಸಾಲುಗಳ ಲೆಕ್ಕದ ಮೇಲೆ, ಹಾಗಾಗಿ ಮೊದಲು ಸ್ಟಾಟಿಸ್ಟಿಕ್ಸ್ (ಡೇಟಾ ಬಗೆಗಿನ ಅಂಕಿಅಂಶ) ನವೀಕರಿಸಿ. ಎಲ್ಲ ಡೇಟಾಬೇಸಿನಲ್ಲೂ ಅಂದಾಜು ಸಾಲು ಮತ್ತು ನಿಜವಾದ ಸಾಲಿನ ನಡುವೆ ಹತ್ತುಪಟ್ಟಿಗಿಂತ ಹೆಚ್ಚು ಅಂತರ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಹುಡುಕಾಟ ಆರಂಭಿಸಿ. ಎಕ್ಸ್‌ಪ್ಲೇನ್ ಅನಲೈಜ್ ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ ಎಂಬುದು ನೆನಪಿರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಪರೀಕ್ಷಿಸುವಾಗ ಮೊದಲು ಬಿಗಿನ್, ಕೊನೆಗೆ ರೋಲ್‌ಬ್ಯಾಕ್.

ಗುಂಪಿಗೆ ಮೂವರು: ರೋ ನಂಬರ್ ಅಥವಾ ಲ್ಯಾಟರಲ್

ಪ್ರತಿ ಶಾಲೆಯ ಮೊದಲ ಮೂವರನ್ನು ತೆಗೆಯಲು ಎರಡು ದಾರಿ. ಒಂದು, ಎಲ್ಲ ಸಾಲಿಗೂ ರೋ ನಂಬರ್ ಕೊಟ್ಟು ಮೂರಕ್ಕಿಂತ ಮೇಲಿನದನ್ನು ಸೋಸುವುದು. ಇನ್ನೊಂದು, ಶಾಲೆಗಳ ಟೇಬಲ್ ಹಿಡಿದು ಒಂದೊಂದು ಶಾಲೆಗೂ ಮೂರು ಸಾಲು ತರುವುದು. ಪೋಸ್ಟ್‌ಗ್ರೆಸ್ 9.3 ಮತ್ತು ಮೈಎಸ್‌ಕ್ಯೂಎಲ್ 8.0.14ರಿಂದ ಇದಕ್ಕೆ ಲ್ಯಾಟರಲ್ ಇದೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ರಾಸ್ ಅಪ್ಲೈ.

ಯಾವುದು ಗೆಲ್ಲುತ್ತದೆ ಎಂಬುದು ಗುಂಪಿನ ಗಾತ್ರದ ಮೇಲೆ ನಿಂತಿದೆ. 500 ಶಾಲೆ, ಒಂದೊಂದರಲ್ಲಿ 2,000 ಸಾಲು, ಒಟ್ಟು 10 ಲಕ್ಷ ಇದ್ದರೆ ರೋ ನಂಬರ್ ಆ ಹತ್ತು ಲಕ್ಷವನ್ನೂ ಓದಬೇಕು. ಲ್ಯಾಟರಲ್ ಇಂಡೆಕ್ಸಿಗೆ 500 ಸಲ ಇಳಿದು ಬರೀ 1,500 ಸಾಲು ತರುತ್ತದೆ. ಹೋಲಿಕೆಯೇ ಇಲ್ಲ. ಅದೇ 10 ಲಕ್ಷ ಸಾಲು 2.5 ಲಕ್ಷ ಗುಂಪುಗಳಲ್ಲಿ ನಾಲ್ಕು ನಾಲ್ಕಾಗಿ ಹಂಚಿಹೋಗಿದ್ದರೆ ಲ್ಯಾಟರಲ್ 2.5 ಲಕ್ಷ ಸಲ ಇಂಡೆಕ್ಸಿಗೆ ಇಳಿಯಬೇಕು, ತಂದರೂ ಮುಕ್ಕಾಲು ಪಾಲು ಸಾಲು ತಂದಂತೆಯೇ ಆಯಿತು. ಅಲ್ಲಿ ಒಂದೇ ಓಟದಲ್ಲಿ ಓದುವ ರೋ ನಂಬರ್ ಮೇಲು. ಶಾಲೆ ಮತ್ತು ಅಂಕದ ಇಂಡೆಕ್ಸ್ ಇಲ್ಲದಿದ್ದರೆ ಲ್ಯಾಟರಲ್ಲಿನ ತಂಟೆಗೇ ಹೋಗಬೇಡಿ, ಪ್ರತಿ ಶಾಲೆಗೂ ಇಡೀ ಟೇಬಲ್ ಓದುವಂತಾದೀತು.

ಗಡಿಯ ಸಮ ಅಂಕದವರೂ ಬೇಕಿದ್ದರೆ ಲ್ಯಾಟರಲ್ ಒಳಗೆ ಲಿಮಿಟ್ ಬದಲು ‘ವಿತ್ ಟೈಸ್’ ಇರುವ ಫೆಚ್ ಫಸ್ಟ್ ಬಳಸಿ. ಪೋಸ್ಟ್‌ಗ್ರೆಸ್‌ನಲ್ಲಿ ಇದು 13ರಿಂದ ಇದೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟಾಪ್ ಜೊತೆ ಬರುತ್ತದೆ. ಇದರ ಉತ್ತರ ರ‍್ಯಾಂಕ್ ಮೂರರೊಳಗೆ ಎಂಬುದಕ್ಕೆ ಸಮ, ಡೆನ್ಸ್ ರ‍್ಯಾಂಕಿಗೆ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಈ ಸೌಲಭ್ಯ ಇಲ್ಲದ್ದರಿಂದ ರ‍್ಯಾಂಕೇ ಗತಿ. ಫಲಿತಾಂಶವೇ ಇಲ್ಲದ ಶಾಲೆಯ ಹೆಸರೂ ಪಟ್ಟಿಯಲ್ಲಿ ಬರಬೇಕಿದ್ದರೆ ಲೆಫ್ಟ್ ಜಾಯಿನ್ ಲ್ಯಾಟರಲ್ ಅಥವಾ ಔಟರ್ ಅಪ್ಲೈ.

ಗುಂಪೇ ಇಲ್ಲದ, ಇಡೀ ಟೇಬಲ್ಲಿನ ಮೊದಲ ಹತ್ತು ಬೇಕಿದ್ದಾಗ ರೋ ನಂಬರ್ ಬೇಡ, ಆರ್ಡರ್ ಬೈ ಮತ್ತು ಲಿಮಿಟ್ ಸಾಕು. ಲಿಮಿಟ್ ಕಂಡರೆ ಪೋಸ್ಟ್‌ಗ್ರೆಸ್ ಹತ್ತನ್ನೇ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಬಿಸಾಡುವ ಸಾರ್ಟ್ ಮಾಡುತ್ತದೆ. ರೋ ನಂಬರ್ ಆದರೆ ಇಂಡೆಕ್ಸ್ ಇಲ್ಲದಾಗ ಪೂರ್ತಿ ಸಾರ್ಟ್ ಆಗುತ್ತದೆ. 15ನೇ ಆವೃತ್ತಿಯಿಂದ ಪ್ಲಾನಿನಲ್ಲಿ ‘ರನ್ ಕಂಡಿಷನ್’ ಕಾಣಿಸಿ ಹತ್ತು ದಾಟಿದಮೇಲೆ ಲೆಕ್ಕ ನಿಲ್ಲುತ್ತದೆ, ಆದರೆ ಅದರ ಪೂರ್ಣ ಲಾಭ ಸಿಗುವುದು ಪಾರ್ಟಿಷನ್ ಬೈ ಇಲ್ಲದೆ, ಸಾಲುಗಳು ಇಂಡೆಕ್ಸಿನಿಂದ ಕ್ರಮವಾಗಿ ಬರುತ್ತಿದ್ದಾಗ.

ಪುಟಗಳು, ಮತ್ತು ಒಬ್ಬರದೇ ಸ್ಥಾನ

ರೋ ನಂಬರ್ 1,00,001ರಿಂದ 1,00,020 ಎಂದು ಕೇಳಿದರೂ, ಆಫ್‌ಸೆಟ್ ಕೊಟ್ಟರೂ ಡೇಟಾಬೇಸ್ ಹಿಂದಿನ ಒಂದು ಲಕ್ಷ ಸಾಲನ್ನು ಎಣಿಸಿಯೇ ಬರಬೇಕು. ಮುಂದಿನ ಪುಟ, ಹಿಂದಿನ ಪುಟ ಎರಡೇ ಗುಂಡಿ ಸಾಕಾದರೆ, ಕೊನೆಯ ಸಾಲಿನ ಅಂಕ ಮತ್ತು ನೋಂದಣಿ ಸಂಖ್ಯೆ ಇಟ್ಟುಕೊಂಡು ಅಲ್ಲಿಂದ ಮುಂದೆ ಕೇಳಿ. ಅಂಕ ಇಳಿಕೆ, ನೋಂದಣಿ ಏರಿಕೆ ಇರುವಾಗ ಎರಡನ್ನೂ ಜೋಡಿಯಾಗಿ ಒಂದೇ ಚಿಹ್ನೆಯಿಂದ ಹೋಲಿಸಿದರೆ ತಪ್ಪು ಸಾಲು ಬರುತ್ತವೆ. ‘ಅಂಕ ಕಡಿಮೆ, ಅಥವಾ ಅಂಕ ಸಮ ಇದ್ದು ನೋಂದಣಿ ಹೆಚ್ಚು’ ಎಂದು ಬಿಡಿಸಿ ಬರೆಯಿರಿ.

ಒಬ್ಬ ವಿದ್ಯಾರ್ಥಿಯ ಸ್ಥಾನ ತೋರಿಸಲು ಎಲ್ಲರಿಗೂ ರ‍್ಯಾಂಕ್ ಹಚ್ಚಿ ಒಂದನ್ನು ಆರಿಸುವ ಕ್ವೆರಿಗಳು ಬಹಳ. ಅವರಿಗಿಂತ ಹೆಚ್ಚು ಅಂಕದವರನ್ನು ಎಣಿಸಿ ಒಂದು ಕೂಡಿಸಿ, ಅದೇ ರ‍್ಯಾಂಕ್. ಹೆಚ್ಚಿನ ಅಂಕಗಳ ಬೇರೆಬೇರೆ ಮೌಲ್ಯಗಳನ್ನು ಎಣಿಸಿ ಒಂದು ಕೂಡಿಸಿದರೆ ಡೆನ್ಸ್ ರ‍್ಯಾಂಕ್. ಅಂಕದ ಇಂಡೆಕ್ಸ್ ಇದ್ದರೆ ಮೇಲಿನ ಸ್ಥಾನದವರ ಉತ್ತರ ತಕ್ಷಣ ಬರುತ್ತದೆ, ಕೆಳಗಿನವರಿಗೆ ಎಣಿಕೆ ಉದ್ದ. ಈ ಎಣಿಕೆಯನ್ನು ಒಬ್ಬರಿಗಲ್ಲದೆ ಪ್ರತಿ ಸಾಲಿಗೂ ಒಳಕ್ವೆರಿಯಾಗಿ ಬರೆದರೆ ಮಾತ್ರ ಅನಾಹುತ, ಇಂಡೆಕ್ಸ್ ಇದ್ದರೂ 10,000 ಸಾಲಿಗೆ ಸುಮಾರು 5 ಕೋಟಿ ಹೋಲಿಕೆ. ಮೈಎಸ್‌ಕ್ಯೂಎಲ್ 5.7ರ ಕಾಲದ ಕೋಡ್‌ನಲ್ಲಿ ಇದೂ ಸಿಗುತ್ತದೆ, ಸೆಲೆಕ್ಟ್ ಒಳಗೆ ವೇರಿಯಬಲ್ ಹೆಚ್ಚಿಸುತ್ತಾ ಹೋಗುವ ಉಪಾಯವೂ ಸಿಗುತ್ತದೆ. ಎರಡನೆಯದು 8.0.13ರಿಂದ ಕೈಬಿಡಬೇಕಾದ ಪಟ್ಟಿಯಲ್ಲಿದೆ. 8.0ಕ್ಕೆ ಬಂದವರು ಅವೆರಡನ್ನೂ ಕಿತ್ತು ವಿಂಡೋ ಫಂಕ್ಷನ್ ಹಾಕಲಿ.

ಫಲಿತಾಂಶ ಪ್ರಕಟವಾದ ದಿನ ಸಾವಿರಾರು ಜನ ಒಟ್ಟಿಗೆ ತಮ್ಮ ಸ್ಥಾನ ಕೇಳುವಂತಿದ್ದರೆ ಇದಾವುದನ್ನೂ ಆ ಹೊತ್ತಿನಲ್ಲಿ ಲೆಕ್ಕಹಾಕಬಾರದು. ಅಂಕ ಆಗ ಬದಲಾಗುವುದಿಲ್ಲ. ಹಿಂದಿನ ರಾತ್ರಿಯೇ ರ‍್ಯಾಂಕ್ ಎಣಿಸಿ ಒಂದು ಟೇಬಲ್‌ಗೋ ಮೆಟೀರಿಯಲೈಸ್ಡ್ ವ್ಯೂಗೋ (ಉತ್ತರವನ್ನೂ ಶೇಖರಿಸಿಡುವ ವ್ಯೂ) ಬರೆದು, ನೋಂದಣಿ ಸಂಖ್ಯೆಯ ಮೇಲೆ ಯುನೀಕ್ ಇಂಡೆಕ್ಸ್ ಹಾಕಿಡಿ. ಪೋಸ್ಟ್‌ಗ್ರೆಸ್‌ನಲ್ಲಿ ಆ ಇಂಡೆಕ್ಸ್ ಇದ್ದರೆ ಮಾತ್ರ ಓದುವವರನ್ನು ತಡೆಯದೆ ‘ಕನ್‌ಕರೆಂಟ್ಲಿ’ ರಿಫ್ರೆಶ್ ಮಾಡಲಾಗುತ್ತದೆ. ಮರುಮೌಲ್ಯಮಾಪನದಲ್ಲಿ ಒಬ್ಬರ ಅಂಕ ಏರಿದಾಗಲೂ ಪೂರ್ತಿ ರಿಫ್ರೆಶ್ಶೇ ಬೇಕು, ಅವರ ಹಳೆಯ ಮತ್ತು ಹೊಸ ಅಂಕದ ನಡುವೆ ಇದ್ದ ಎಲ್ಲರ ಸ್ಥಾನವೂ ಒಂದೊಂದು ಕೆಳಗೆ ಸರಿದಿರುತ್ತದೆ.